ಆಕಾರ ನಿಮ್ಮಿಷ್ಟ, ಅಳತೆ ಶ್ರುತಿಯಿಷ್ಟ

ಎಲೆಕ್ಟ್ರಿಕ್ ಗಿಟಾರನ್ನು ಮನೆಯಲ್ಲೇ ಮಾಡಬಹುದೇ? ಖಂಡಿತ! 1963ರಲ್ಲಿ ಇಂಗ್ಲೆಂಡಿನ ಹುಡುಗ ಬ್ರಯಾನ್ ಮೇ ತನ್ನ ತಂದೆಯ ಜೊತೆ ಸೇರಿ ಒಂದನ್ನು ಶುರುಮಾಡಿದ. ಕುತ್ತಿಗೆಗೆ ಹಳೆಯ ಅಗ್ಗಿಷ್ಟಿಕೆಯ ಮೇಲಿನ ಮರ, ಒಳಗೆ ಮೋಟಾರ್ ಸೈಕಲ್ಲಿನ ಸ್ಪ್ರಿಂಗು. ಮುಂದೆ 'ಕ್ವೀನ್' ತಂಡದಲ್ಲಿ ಮೊಳಗಿದ್ದು ಅದೇ ಗಿಟಾರ್.

ತಂತಿಯ ಕಂಪನವನ್ನು ಹಿಡಿಯುವುದು ಅಯಸ್ಕಾಂತದ ಪಿಕಪ್. ಹಾಗಾಗಿ ಒಡಲಿನ ಆಕಾರ ನಿಮ್ಮಿಷ್ಟ. ಫ್ರೆಟ್‌ಗಳ ಜಾಗ ಮಾತ್ರ ಹಾಗಲ್ಲ. ವೀಣೆಯ ಮೆಟ್ಟಿಲು ಮೇಣದಲ್ಲಿ ಕೂತಿರುತ್ತದೆ, ತಪ್ಪಿದರೆ ಸರಿಸಬಹುದು. ಗಿಟಾರಿನಲ್ಲಿ ಗರಗಸದ ಗೀರು ಬಿದ್ದರೆ ಬಿತ್ತು!

ಲೆಕ್ಕ ಸುಲಭ. ಮೇಲಿನ ನಟ್‌ನಿಂದ ಕೆಳಗಿನ ಬ್ರಿಜ್‌ವರೆಗೆ ತಂತಿ 648 ಮಿಲಿಮೀಟರ್ ಎನ್ನಿ. 17.817ರಿಂದ ಭಾಗಿಸಿದರೆ ಸುಮಾರು 36.4, ಮೊದಲ ಫ್ರೆಟ್ ಅಲ್ಲಿಗೆ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸುತ್ತಾ ಹೋಗಿ. 12ನೆಯದು ಸರಿಯಾಗಿ ಅರ್ಧಕ್ಕೆ, ಅಂದರೆ 324ಕ್ಕೆ ಬರಬೇಕು.

ಗುರುತು ಹಾಕುವಾಗ ಮಾತ್ರ ಪ್ರತಿಯೊಂದನ್ನೂ ನಟ್‌ನಿಂದಲೇ ಅಳೆಯಿರಿ. ಫ್ರೆಟ್‌ನಿಂದ ಫ್ರೆಟ್‌ಗೆ ಅಳೆದರೆ ಕೂದಲೆಳೆಯಷ್ಟು ತಪ್ಪೂ ಕೂಡುತ್ತಾ ಹೋಗುತ್ತದೆ.

ಮೊದಲ ಗಿಟಾರ್ ಅಂದವಾಗಿರದಿದ್ದರೂ ಚಿಂತೆಯಿಲ್ಲ, ಶ್ರುತಿಯಲ್ಲಿರಲಿ!