ಕೆಲಸಕ್ಕೆ ಬಾರದವುಗಳ ಕಛೇರಿ

ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ವರ್ಷ ದಾಟಿತ್ತು. ‘ಈಗೇನು ಮಾಡ್ತಿದ್ದೀಯಪ್ಪಾ?’ ಎಂದು ಯಾರಾದರೂ ಕೇಳಿದರೆ ಮೆಲ್ಲಗೆ ಎದ್ದು ಅಪ್ಪನ ಸೈಕಲ್ ಶಾಪಿನ ಹಿಂದೆ ಹೋಗಿ ಕೂರುತ್ತಿದ್ದೆ. ಅಲ್ಲಿ ಸೊಟ್ಟ ರಿಮ್ಮು, ಸವೆದ ಚೈನು, ತುಕ್ಕು ಹಿಡಿದ ಬೆಲ್ಲುಗಳ ರಾಶಿ. ಅದನ್ನು ಅಪ್ಪ ‘ಕೆಲಸಕ್ಕೆ ಬಾರದ ಸಾಮಾನು’ ಎನ್ನುತ್ತಿದ್ದರು. ಆ ಮಾತು ನನಗೇ ಹೇಳಿದಂತೆ ಕೇಳಿಸುತ್ತಿತ್ತು.

ಅಲ್ಲೇ ಕೂತು ಒಂದು ಮಧ್ಯಾಹ್ನ ಮೊಬೈಲಿನಲ್ಲಿ ಸ್ವಿಸ್ ಕಲಾವಿದ ಜಾನ್ ಟ್ಯಾಂಗ್ಲಿಯ ‘ಮೆಟಾ-ಹಾರ್ಮನಿ 2’ ನೋಡಿದೆ. 1979ರಲ್ಲಿ ಮಾಡಿದ್ದು. ಆಳೆತ್ತರ ಮೀರಿದ ಕಬ್ಬಿಣದ ಚೌಕಟ್ಟಿನ ತುಂಬ ಚಿಕ್ಕ ದೊಡ್ಡ ಚಕ್ರಗಳು, ಬೆಲ್ಟುಗಳು. ಮೋಟಾರ್ ತಿರುಗಿದರೆ ಒಂದು ಕೋಲು ಡ್ರಮ್ಮಿಗೆ ಬಡಿಯುತ್ತದೆ, ಇನ್ನೊಂದು ಪಿಯಾನೊದ ಕೀ ಒತ್ತುತ್ತದೆ. ಮೊದಲು ಬರೀ ಗದ್ದಲ ಅನ್ನಿಸಿತು. ಕೇಳುತ್ತಾ ಕೇಳುತ್ತಾ ಅದರೊಳಗೊಂದು ಲಯ ಸಿಕ್ಕಿತು. ಇಂಥವನ್ನು ಚಲಿಸುವ ಧ್ವನಿಶಿಲ್ಪಗಳು ಎನ್ನುತ್ತಾರೆ.

1925ರಲ್ಲಿ ಹುಟ್ಟಿದ ಟ್ಯಾಂಗ್ಲಿ ಬೆಳೆದದ್ದು ಬಾಸೆಲ್ ನಗರದಲ್ಲಿ. ಹದಿಹರೆಯದಲ್ಲಿ ಅಂಗಡಿಯ ಶೋಕೇಸ್ ಅಲಂಕರಿಸುವ ಕೆಲಸ ಕಲಿಯಲು ಸೇರಿದ್ದ. ಶಿಸ್ತಿಲ್ಲವೆಂದು ಅಲ್ಲಿಂದ ತೆಗೆದರು. ಅದನ್ನು ಓದಿದಾಗ ಸ್ವಲ್ಪ ಸಮಾಧಾನವಾಯಿತು ಎಂದು ಒಪ್ಪಿಕೊಳ್ಳುತ್ತೇನೆ!

ಅವನ ಹೆಸರು ಮನೆಮಾತಾದದ್ದು 1960ರ ಮಾರ್ಚ್ 17ರಂದು, ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ತೋಟದಲ್ಲಿ. ಸೈಕಲ್ ಚಕ್ರ, ಸ್ನಾನದ ತೊಟ್ಟಿ, ಹಳೆ ಪಿಯಾನೊ ಸೇರಿಸಿ ತನ್ನನ್ನು ತಾನೇ ಮುರಿದುಕೊಳ್ಳುವ ಯಂತ್ರವೊಂದನ್ನು ನಿಲ್ಲಿಸಿದ್ದ. ಬೆಲ್ ಲ್ಯಾಬ್ಸ್‌ನ ಎಂಜಿನಿಯರ್ ಬಿಲ್ಲಿ ಕ್ಲೂವರ್ ನೆರವಾಗಿದ್ದರು. ಶುರುವಿನಲ್ಲೇ ಬೆಲ್ಟ್ ಕಳಚಿತು. ಪಿಯಾನೊ ಮೂರೇ ಸ್ವರ ನುಡಿಯಿತು. ಬೆಂಕಿ ಎದ್ದಿತು. 27 ನಿಮಿಷಕ್ಕೆ ಅಗ್ನಿಶಾಮಕ ಸಿಬ್ಬಂದಿ ಆಟ ಮುಗಿಸಿದರು. ಅಂದುಕೊಂಡಂತೆ ಏನೂ ನಡೆಯಲಿಲ್ಲ. ಆದರೂ ಸುಮಾರು 2 ದಶಕದ ನಂತರವೂ ಅವನು ಅದೇ ಚಕ್ರ, ಅದೇ ಬೆಲ್ಟುಗಳ ಜತೆಗಿದ್ದ.

ಇದರ ಗುಟ್ಟು ನಾವು ಹೈಸ್ಕೂಲಿನಲ್ಲಿ ಬೈದುಕೊಂಡು ಕಲಿತ ಲ.ಸಾ.ಅ. ಒಂದೇ ಮೋಟಾರಿಗೆ ಬೇರೆ ಬೇರೆ ಅಳತೆಯ 3 ಚಕ್ರ ಕಟ್ಟಿ. ಒಂದು 7 ಸೆಕೆಂಡಿಗೊಮ್ಮೆ, ಇನ್ನೊಂದು 11ಕ್ಕೆ, ಮತ್ತೊಂದು 13ಕ್ಕೆ ಸುತ್ತು ಮುಗಿಸಲಿ. ಒಮ್ಮೆ ಒಟ್ಟಿಗೆ ಬಡಿದ ಮೂರೂ ಮತ್ತೆ ಒಟ್ಟಿಗೆ ಬಡಿಯುವುದು 1001 ಸೆಕೆಂಡಿನ ನಂತರ, ಅಂದರೆ ಹೆಚ್ಚುಕಡಿಮೆ 17 ನಿಮಿಷಕ್ಕೆ. ಬೆಲ್ಟ್ ಸ್ವಲ್ಪ ಜಾರಿದರೆ ಆ ಲೆಕ್ಕವೂ ತಪ್ಪಿ ಹೊಸ ತಾಳ ಹುಟ್ಟುತ್ತದೆ.

ನಾನೂ ಕೈಹಾಕಿದೆ. ಗುಜರಿಯಿಂದ ಕಾರಿನ ವೈಪರ್ ಮೋಟಾರ್ ತಂದೆ. ಮೂರು ಅಳತೆಯ ರಿಮ್ಮು, ಹಳೆ ಟ್ಯೂಬ್ ಕತ್ತರಿಸಿದ ಬೆಲ್ಟು, ಬಡಿಯಲು ಒಂದು ಬೆಲ್ಲು, ಎಣ್ಣೆ ಡಬ್ಬ, ಸ್ಟೀಲ್ ಲೋಟ. ಬೆಲ್ಟ್ ಪದೇಪದೇ ಜಾರುತ್ತಿತ್ತು. ಮೂರು ದಿನ ಸುಮ್ಮನೆ ನೋಡಿದ ಅಪ್ಪ, ‘ಚೈನ್ ಸಡಿಲ ಆದ್ರೆ ಹಿಂದಿನ ಚಕ್ರ ಎಳೀತೀವಲ್ಲೋ, ಮೋಟಾರನ್ನೂ ಹಂಗೇ ಹಿಂದಕ್ಕೆ ಎಳಿ’ ಎಂದರು. ಬೋಲ್ಟಿನ ತೂತನ್ನು ಉದ್ದ ಮಾಡಿ ಎಳೆದೆ. ಸರಿಹೋಯಿತು. ‘ಇದೇನಕ್ಕೆ ಬರುತ್ತೋ?’ ಎಂದ ಅಮ್ಮ, ಲೋಟವನ್ನು ಮಾತ್ರ ವಾಪಸ್ ಕೇಳಲಿಲ್ಲ.

ಕಳೆದ ತಿಂಗಳು ಸಂದರ್ಶನವೊಂದರಲ್ಲಿ ‘ಒಂದು ವರ್ಷ ಏನು ಮಾಡಿದಿರಿ?’ ಎಂದರು. ಮೊಬೈಲ್ ತೆಗೆದು ವಿಡಿಯೊ ತೋರಿಸಿದೆ. ಮುಂದಿನ ಹತ್ತು ನಿಮಿಷ ಬೆಲ್ಟಿನ ಬಿಗಿತದ ಬಗ್ಗೆಯೇ ಪ್ರಶ್ನೆ. ಕಲಿತದ್ದನ್ನು ನಾನು ತಡವರಿಸದೆ ಹೇಳಿದ್ದು ಅದೇ ಮೊದಲು.

ಆ ಕೆಲಸ ಸಿಗಲಿಲ್ಲ. ಹುಡುಕಾಟ ನಡೆದೇ ಇದೆ. ಆದರೆ ‘ಈಗೇನು ಮಾಡ್ತಿದ್ದೀಯ?’ ಎಂದರೆ ಈಗ ಶಾಪಿನ ಹಿಂದೆ ಹೋಗಿ ಅಡಗುವುದಿಲ್ಲ. ಕೇಳಿದವರನ್ನೇ ಅಲ್ಲಿಗೆ ಕರೆದುಕೊಂಡು ಹೋಗಿ ಸ್ವಿಚ್ ಒತ್ತುತ್ತೇನೆ.