ಆಟಗಾರನಿಗಾಗಿ ಕಾಯದ ರೈಲು

ಸಾಹಸಕಥೆಯ ವಿಡಿಯೊ ಗೇಮ್‌ಗಳಲ್ಲಿ ಕಾಲವು ಸಾಮಾನ್ಯವಾಗಿ ಆಟಗಾರನ ಹೆಜ್ಜೆಗೆ ಕಟ್ಟುಬಿದ್ದಿರುತ್ತದೆ. ಅವನು ಬಾಗಿಲು ತೆರೆಯುವವರೆಗೆ ಒಳಗಿನವರು ಮಾತು ಆರಂಭಿಸುವುದಿಲ್ಲ. ಜೋರ್ಡನ್ ಮೆಕ್ನರ್ ಅವರ ನೇತೃತ್ವದಲ್ಲಿ ರೂಪುಗೊಂಡು 1997ರಲ್ಲಿ ಬಿಡುಗಡೆಯಾದ 'ದ ಲಾಸ್ಟ್ ಎಕ್ಸ್‌ಪ್ರೆಸ್' ಈ ಕಟ್ಟನ್ನೇ ಬಿಚ್ಚಿಹಾಕಿತು. 1914ರ ಜುಲೈನಲ್ಲಿ, ಮೊದಲ ಮಹಾಯುದ್ಧ ಇನ್ನೇನು ಹೊತ್ತಿಕೊಳ್ಳಲಿದ್ದಾಗ, ಪ್ಯಾರಿಸಿನಿಂದ ಕಾನ್‌ಸ್ಟಾಂಟಿನೋಪಲ್ಲಿಗೆ ಹೊರಟ ಓರಿಯಂಟ್ ಎಕ್ಸ್‌ಪ್ರೆಸ್ ರೈಲಿನಲ್ಲಿ ಅದರ ಕಥೆ ನಡೆಯುತ್ತದೆ.

ಇಲ್ಲಿ ಗಡಿಯಾರ ವಾಸ್ತವಕ್ಕಿಂತ ಆರು ಪಟ್ಟು ವೇಗವಾಗಿ ಓಡುವುದರಿಂದ ಕಥೆಯ ಒಂದು ಗಂಟೆ ಆಟಗಾರನ ಹತ್ತು ನಿಮಿಷವಾಗುತ್ತದೆ. ಪ್ರತಿ ಪ್ರಯಾಣಿಕನ ನಡವಳಿಕೆಗೂ ಗಣಕಶಾಸ್ತ್ರದಲ್ಲಿ 'ಸ್ಥಿತಿಯಂತ್ರ' ಎನ್ನಬಹುದಾದ ವ್ಯವಸ್ಥೆಯೇ ಆಧಾರ. ಎಂದರೆ, ಪಾತ್ರವು ಉಣ್ಣುವುದು, ಮಲಗುವುದು, ಹರಟುವುದು ಮುಂತಾದ ಯಾವುದೋ ಒಂದು ಸ್ಥಿತಿಯಲ್ಲಿದ್ದು, ಹೊತ್ತು ಬಂದಾಗ ಅಥವಾ ಇನ್ನೊಂದು ಪಾತ್ರದಿಂದ ಸೂಚನೆ ಬಂದಾಗ ಮುಂದಿನ ಸ್ಥಿತಿಗೆ ದಾಟುತ್ತದೆ. ಆಟಗಾರ ಕೇಳಲಿ, ಕೇಳದಿರಲಿ, ಊಟದ ಬೋಗಿಯಲ್ಲಿ ಮಾತು ಸಾಗಿಯೇ ಇರುತ್ತದೆ.

ಇದರ ಸೊಗಸು ಕ್ರೋನೋಸ್ ಎಂಬ ಸಿರಿವಂತನ ಖಾಸಗಿ ಬೋಗಿಯಲ್ಲಿ ನಡೆಯುವ ಸಂಗೀತ ಕಛೇರಿಯಲ್ಲಿ ಎದ್ದು ಕಾಣುತ್ತದೆ. ಅನ್ನಾ ಎಂಬಾಕೆಯ ಪಿಟೀಲಿಗೆ ಕ್ರೋನೋಸ್‌ನ ಪಿಯಾನೊ ಜೊತೆಯಾಗಿ ಸೆಸಾರ್ ಫ್ರಾಂಕ್‌ನ ಸೊನಾಟ ನುಡಿಯುತ್ತಿರುವಾಗ, ಕಥಾನಾಯಕ ರಾಬರ್ಟ್ ಕ್ಯಾತ್ ಮೆಲ್ಲನೆ ಎದ್ದುಹೋಗಿ, ಕಛೇರಿಗೆ ಬಂದವರ ಬರಿದಾದ ಕೋಣೆಗಳನ್ನು ಶೋಧಿಸಬಹುದು.

ತಪ್ಪಿದವರಿಗೆ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸುವ ಅವಕಾಶವಿದೆ. ಯಾವ ಹೊತ್ತಿನಲ್ಲಿ ಯಾರು ಯಾವ ಸ್ಥಿತಿಯಲ್ಲಿದ್ದರೆಂಬುದನ್ನು ಗಣಕ ತಾನಾಗಿ ಉಳಿಸಿಕೊಳ್ಳುತ್ತದೆ. ಹಿಂದಿರುಗಿ ಹೊಸದಾಗಿ ಆಡಿದೊಡನೆ ಹಳೆಯ ಮುಂದಿನ ಕಥೆ ಅಳಿಯುತ್ತದೆ. ಸೋಲನ್ನು ಶಿಕ್ಷೆಯಾಗಿಸದೆ ಕಲಿಕೆಯಾಗಿಸಿದ ಈ ಏರ್ಪಾಡು ಇಂದಿಗೂ ಮೆಚ್ಚತಕ್ಕದ್ದು.

ಚಿತ್ರಗಳಿಗೆ ರೋಟೋಸ್ಕೋಪಿಂಗ್, ಅಂದರೆ ನಟರನ್ನು ಚಿತ್ರೀಕರಿಸಿ ಆ ದೃಶ್ಯಗಳ ಮೇಲೆ ರೇಖೆ ಎಳೆಯುವ ವಿಧಾನ, ಬಳಕೆಯಾಯಿತು. ತಮ್ಮನ ಓಟವನ್ನು ಚಿತ್ರೀಕರಿಸಿ ಮೆಕ್ನರ್ 1989ರ 'ಪ್ರಿನ್ಸ್ ಆಫ್ ಪರ್ಷಿಯಾ'ದಲ್ಲಿ ಇದನ್ನೇ ಪ್ರಯೋಗಿಸಿದ್ದರು. ಇಲ್ಲಿ ರೇಖೆಗಳು ಆ ಕಾಲದ ಆರ್ಟ್ ನೂವೋ ಶೈಲಿಯ ಭಿತ್ತಿಪತ್ರಗಳನ್ನು ಹೋಲುತ್ತವೆ. ಮಾರುಕಟ್ಟೆಯಲ್ಲಿ ಆಟ ಸೋತಿತು. 2012ರಲ್ಲಿ ಐಫೋನಿಗೆ ಮರಳಿತು.

ಮತ್ತೆ ಆಡುವವರು ಕಛೇರಿಯ ಹೊತ್ತಿಗೆ ಮುಳ್ಳು ತಿರುಗಿಸಿ, ಈ ಬಾರಿ ಕುರ್ಚಿಯಿಂದ ಏಳದೆ ಸೊನಾಟ ಕೇಳಬಹುದು. ಆದರೆ ಅಷ್ಟು ಹೊತ್ತೂ ಆ ಬರಿದಾದ ಕೋಣೆಗಳು ಶೋಧಿಸುವವರಿಲ್ಲದೆ ಹಾಗೆಯೇ ಉಳಿಯುತ್ತವೆ.