ದೂರವೆಷ್ಟು, ಹೊತ್ತೆಷ್ಟು?

ನಮ್ಮ ನೆರೆಮನೆಯ ಅಜ್ಜಿಯ ಮೊಮ್ಮಗ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೌಕರಿಯಲ್ಲಿದ್ದಾನೆ. ಒಂದು ಚಳಿಗಾಲದಲ್ಲಿ ಊರಿಗೆ ಬಂದು, ನೇರ ವಿಮಾನದಲ್ಲಿ ಹಿಂದಿರುಗಿದ. ಮಾರನೆಯ ದಿನ ಅಜ್ಜಿ ನನ್ನನ್ನು ಕರೆದು, "ಮಧ್ಯಾಹ್ನ ಎರಡೂವರೆಗೆ ಬೆಂಗಳೂರು ಬಿಟ್ಟವನು ಅದೇ ದಿನ ಸಂಜೆ ಐದಕ್ಕೆ ಅಲ್ಲಿ ಇಳಿದನಂತೆ. ಎರಡೂವರೆ ಗಂಟೆ ದಾರಿಗೆ ಮೂರು ವರ್ಷಕ್ಕೊಂದು ಸಲ ಬರೋದೇನೋ ಮಗಾ? ನೀನು ಓದಿದವನು, ಹೇಳು" ಎಂದರು. ಅವರ ದನಿಯಲ್ಲಿ ನೋವಿತ್ತು. ನಾನು ತಡವರಿಸಿದೆ. ಅಂದು ಹೇಳಲಾರದೆ ಹೋದ ಉತ್ತರವನ್ನು ಮುಂದೆ ಹುಡುಕಿಕೊಂಡ ಬಗೆಯನ್ನು ವಾಚಕರ ಮುಂದೆ ಇಡುತ್ತಿದ್ದೇನೆ.

ಮೊದಲು ದೂರದ ಮಾತು. ಗೋಡೆಯ ಮೇಲಿನ ಭೂಪಟದಲ್ಲಿ ಅಮೆರಿಕ ನಮಗೆ ಪಶ್ಚಿಮಕ್ಕಿದೆ. ಅರಬ್ಬೀ ಸಮುದ್ರ, ಆಫ್ರಿಕ, ಅಟ್ಲಾಂಟಿಕ್ ದಾಟಿ ಗೆರೆ ಎಳೆದು, ಅದೇ ದಿಕ್ಕು ಹಿಡಿದು ಹೋದರೆ ಸುಮಾರು 20,000 ಕಿಲೋಮೀಟರು. ಆದರೆ ಭೂಮಿ ಹಾಳೆಯಲ್ಲ, ಗೋಳ. ನಾನು 30 ಸೆಂಟಿಮೀಟರು ಅಡ್ಡಳತೆಯ ಗ್ಲೋಬಿನ ಮೇಲೆ ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಹಿಡಿದೆ. ದಾರ ಪಶ್ಚಿಮಕ್ಕೆ ಹೋಗಲೇ ಇಲ್ಲ. ಉತ್ತರಕ್ಕೆ ಏರಿ ಚೀನಾ, ಸೈಬೀರಿಯದ ಪೂರ್ವಭಾಗ, ಅಲಾಸ್ಕಗಳ ಮೇಲೆ ಹಾಯ್ದು ಇಳಿಯಿತು! ಅದರ ಉದ್ದ 33 ಸೆಂಟಿಮೀಟರು. ಗ್ಲೋಬಿನ ಸುತ್ತಳತೆ 94. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರು ಎಂದಿಟ್ಟುಕೊಂಡು ಲೆಕ್ಕಹಾಕಿದರೆ ದೂರ ಸುಮಾರು 14,000 ಆಯಿತು. ಎರಡು ಊರುಗಳೂ ಭೂಗೋಳದ ಹೆಚ್ಚುಕಡಿಮೆ ಎದುರುಬದುರು ರೇಖಾಂಶಗಳಲ್ಲಿರುವುದರಿಂದ ಹತ್ತಿರದ ದಾರಿ ಧ್ರುವದ ಕಡೆಗೆ ಬಾಗುತ್ತದೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಮಹಿಳಾ ಸಂಗಡಿಗರು ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಅಲ್ಲಿಂದ ಬೆಂಗಳೂರಿಗೆ ತಂದದ್ದು ಉತ್ತರ ಧ್ರುವದ ಮೇಲಿನಿಂದಲೇ.

ಇನ್ನು ಹೊತ್ತು. ದೊಡ್ಡ ವಿಮಾನ ಗಂಟೆಗೆ ಸುಮಾರು 900 ಕಿಲೋಮೀಟರು ಹಾರುತ್ತದೆ. ಭಾಗಿಸಿದರೆ ಹದಿನೈದೂವರೆ ಗಂಟೆ. ಏರಿಳಿಯುವುದಕ್ಕೂ ಬಳಸುದಾರಿಗೂ ಇನ್ನಷ್ಟು ಸೇರಬೇಕು. ಗಾಳಿಯ ಲೆಕ್ಕ ಬೇರೆ ಇದೆ. ಹತ್ತು ಕಿಲೋಮೀಟರು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಲವಾದ ಗಾಳಿ, ಜೊತೆಗೆ ಬಂದರೆ ಹೊತ್ತನ್ನು ಉಳಿಸುತ್ತದೆ, ಎದುರಾದರೆ ತಿನ್ನುತ್ತದೆ. ಆದಕಾರಣ ಹೋಗುವ ಹೊತ್ತೂ ಬರುವ ಹೊತ್ತೂ ಒಂದೇ ಆಗಿರುವುದಿಲ್ಲ.

ಹಾಗಾದರೆ ಅಜ್ಜಿಯ ಎರಡೂವರೆ ಗಂಟೆ ಎಲ್ಲಿಂದ ಬಂತು? ಅದು ಗಡಿಯಾರದ ಆಟ. ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಬೇಸಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಹನ್ನೆರಡೂವರೆ. ನಮ್ಮಲ್ಲಿ ಮಧ್ಯಾಹ್ನ ಎರಡೂವರೆ ಆದಾಗ ಅಲ್ಲಿ ಅದೇ ತಾರೀಖಿನ ನಡುರಾತ್ರಿ ಒಂದು. ಹದಿನಾರು ಗಂಟೆ ಹಾರಿ ಇಳಿದಾಗ ಸಂಜೆ ಐದು. ಹೋಗುವಾಗ ಮರೆಯಾದ ಈ ಗಂಟೆಗಳು ಬರುವಾಗ ಮರಳಿ ಲೆಕ್ಕಕ್ಕೆ ಬರುತ್ತವೆ: ಆ ಮೊದಲ ವಿಮಾನ 9ರ ರಾತ್ರಿ ಹೊರಟು, ಸುಮಾರು ಹದಿನೇಳು ಗಂಟೆ ಹಾರಿ, ಇಲ್ಲಿ ಇಳಿದದ್ದು 11ರ ಬೆಳಗಿನ ಜಾವ.

ಇಷ್ಟನ್ನು ತಿಳಿದ ಮೇಲೆ ಅಜ್ಜಿಯ ಬಳಿಗೆ ಹೋದೆ. ಗ್ಲೋಬಿಲ್ಲ, ತೆಂಗಿನಕಾಯಿಯೊಂದರ ಮೇಲೆ ದಾರ ಹಿಡಿದು ತೋರಿಸಿದೆ. "ಹಾಗಾದರೆ ಸಂಜೆ ಹೊರಟು ಬೆಳಗಾಗೋ ತನಕ, ಆಮೇಲೂ ಮೂರು ನಾಲ್ಕು ಗಂಟೆ ಕೂತೇ ಇದ್ದನೇ ನನ್ನ ಕೂಸು!" ಎಂದರು ಅಜ್ಜಿ. ಅವರ ಸಿಟ್ಟು ಮರುಕವಾಯಿತು. ಮೂರು ವರ್ಷ ಮಾತ್ರ ಮೂರು ವರ್ಷವಾಗಿಯೇ ಉಳಿಯಿತು. ಅದಕ್ಕೆ ಭೂಗೋಳದಲ್ಲಿ ಉತ್ತರವಿಲ್ಲ.